ದೇವರನ್ನು ನಂಬದವರೆಲ್ಲ ಸತ್ತ ಮೇಲೆ ನರಕಕ್ಕೆ ಹೋಗುತ್ತಾರೆಂದು ಕ್ರೈಸ್ತರು ಹೇಳುತ್ತಾರೆಯೇ?

ಎಲ್ಲ ಕ್ರೈಸ್ತರೂ ಹಾಗೆ ಹೇಳುವುದಿಲ್ಲ. ಯೇಸುವಿನಲ್ಲಿ ವಿಶ್ವಾಸವಿಡದೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ ಮತ್ತು ನಿತ್ಯಜೀವ, ಇಲ್ಲವೆಂದು ಬೋಧಿಸುವ ಪಂಗಡಗಳು ಹಲವಿವೆ. ಆದರೆ ನಾನು ಸೇರಿದ ಕಥೋಲಿಕ ಧರ್ಮಸಭೆಯು, 1962ರಿಂದ 1965ರವರೆಗೆ ನಡೆದ, ಜಗತ್ತಿನ ನಾನಾ ಕಡೆಯ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, ತಮ್ಮ ತಪ್ಪಿಲ್ಲದೆ ದೇವರನ್ನು ಸ್ಪಷ್ಟವಾಗಿ ಅರಿಯದೇ ಹೋದರೂ ಸನ್ಮಾರ್ಗದಲ್ಲಿ ಬಾಳಲು ಶ್ರಮಿಸುವವರಿಗೆ ರಕ್ಷಣೆಗೆ ಬೇಕಾದ ನೆರವನ್ನು ದೇವರು ನಿರಾಕರಿಸುವುದಿಲ್ಲವೆಂದು ಸಾರಿತು. ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲೂ ಕಡಿಮೆಯಿಲ್ಲವೆಂದು ಅದೇ ಸಭೆ ಒಪ್ಪಿಕೊಂಡದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಮರಣವೇ ಕೊನೆಯೆಂಬ ನಾಸ್ತಿಕರ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಆತ್ಮವೊಂದೇ ಉಳಿಯುತ್ತದೆ ಎಂಬುದಲ್ಲ, ಕ್ರಿಸ್ತನಂತೆ ದೇಹಸಮೇತ ಪುನರುತ್ಥಾನ ಹೊಂದುವೆವು, ಅಂದರೆ ಸಾವಿನಿಂದ ಮತ್ತೆ ಎದ್ದು ಬದುಕುವೆವು ಎಂಬುದು ನಮ್ಮ ನಿರೀಕ್ಷೆ. ನರಕವಿದೆಯೆಂದು ಬೋಧಿಸುವ ಧರ್ಮಸಭೆಯು ಇಂಥವರು ಅಲ್ಲಿದ್ದಾರೆಂದು ಯಾರನ್ನೂ ಹೆಸರಿಸಿ ಸಾರಿಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ನಮ್ಮ ಆರಾಧನೆಯಾದ ಬಲಿಪೂಜೆಯ ಒಂದು ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸವನ್ನು ದೇವರೊಬ್ಬನೇ ಬಲ್ಲನೋ ಅಂಥ ಮೃತರಿಗಾಗಿಯೂ ನಾವು ಬೇಡಿಕೊಳ್ಳುತ್ತೇವೆ.