ಸಹಿ ಆಮೇಲೆ ನೋಡಿ, ಮೊದಲು ಫ್ರೇಮ್ ಬಿಚ್ಚಿಸಿ

ಪಿಕಾಸೊನ ವೊಲಾರ್ ಸರಣಿಯ ಎಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಮಸಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರ) ಒಂದು ಮಾರಾಟಕ್ಕೆ ಬಂದಿದೆ, ಪೆನ್ಸಿಲ್ ಸಹಿ ಇದೆ, ತಗೋಬಹುದಾ ಅಂತ ಕೇಳಿದ್ದೀರಿ. ಮಾರುವವರು ಕಳಿಸಿದ ಮೂರು ಫೋಟೊನೂ ಸಹಿಯದ್ದೇ. ನನಗೆ ಚಿಂತೆ ಆಗಿದ್ದೇ ಅದಕ್ಕೆ. ದುಡ್ಡು ಕೊಡುವ ಮೊದಲು ಫ್ರೇಮ್ ಬಿಚ್ಚಿಸಿ ನೋಡಿ, ಬಿಚ್ಚಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಈ ಸರಣಿಯ ಕಥೆ ಗೊತ್ತಿದ್ದರೆ ಯಾಕೆ ಅಂತ ಅರ್ಥವಾಗುತ್ತದೆ. ಪ್ಯಾರಿಸ್ಸಿನ ಚಿತ್ರ ವ್ಯಾಪಾರಿ ವೊಲಾರ್‌ಗಾಗಿ ಪಿಕಾಸೊ 1930ರಿಂದ 1937ರ ನಡುವೆ 100 ತಾಮ್ರದ ತಗಡು ಮಾಡಿದ. ಮುದ್ರಿಸಿದ್ದು ಲಾಕುರಿಯೇರ್ ಎಂಬ ಪ್ಯಾರಿಸ್ಸಿನ ಮುದ್ರಕ. 1939ರಲ್ಲಿ ವೊಲಾರ್ ಕಾರು ಅಪಘಾತದಲ್ಲಿ ತೀರಿಕೊಂಡ, ಹಾಳೆಗಳು ಪೆತಿಯೇ ಎಂಬ ಇನ್ನೊಬ್ಬ ವ್ಯಾಪಾರಿಯ ಕೈಗೆ ಹೋದವು. ಪಿಕಾಸೊ ಸಹಿ ಹಾಕಿದ್ದು ಎಷ್ಟೋ ವರ್ಷದ ಮೇಲೆ, ಅದೂ ಎಲ್ಲದಕ್ಕೂ ಅಲ್ಲ. ಸಹಿ ಇಲ್ಲದ ಅಸಲಿ ಹಾಳೆಗಳು ಬೇಕಾದಷ್ಟಿವೆ, ಸಹಿ ಇದ್ದರೆ ಬೆಲೆ ಜಾಸ್ತಿ, ಹಾಗಾಗಿ ಅಸಲಿ ಚಿತ್ರದ ಕೆಳಗೇ ನಕಲಿ ಸಹಿ ಬಂದು ಕೂರಬಹುದು ಅಲ್ವಾ?

ಕಾಗದ ಹಾಗಲ್ಲ, ಅದನ್ನು ನಕಲು ಮಾಡುವುದು ಸಹಿಯಷ್ಟು ಸುಲಭವಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾಗಿ ಗೆರೆ ಕಾಣಬೇಕು, ಜೊತೆಗೆ ವೊಲಾರ್ ಅಥವಾ ಪಿಕಾಸೊ ಅನ್ನುವ ವಾಟರ್‌ಮಾರ್ಕ್. ಇದು ಮೋಂವಾಲ್ ಎಂಬ ಕಾಗದ, ಇದರ ಮೇಲೆ 260 ಪ್ರತಿ ತೆಗೆದರು, ಅಗಲ ಅಂಚಿನ ದೊಡ್ಡ ಹಾಳೆಯಲ್ಲಿ ಇನ್ನೂ 50. ಚಿಕ್ಕ ಹಾಳೆ ಸುಮಾರು 34 × 44.5 ಸೆಂ.ಮೀ. ಟೇಪ್ ಹಿಡಿದು ಅಳೆಯಿರಿ. ತುಂಬಾ ಕಮ್ಮಿ ಬಂದರೆ ಯಾರೋ ಅಂಚು ಕತ್ತರಿಸಿದ್ದಾರೆ ಅಂತಲೇ.

ಆಮೇಲೆ 10 ಪಟ್ಟಿನ ಭೂತಗನ್ನಡಿ. ನಾನು ಮೊದಲ ಸಲ ಹಾಗೆ ನೋಡಿದ ಒಂದು "ಎಚಿಂಗ್"ನಲ್ಲಿ ಗೆರೆಯೇ ಇರಲಿಲ್ಲ, ಬರೀ ಸಾಲು ಸಾಲು ಚುಕ್ಕೆ. ಪುಸ್ತಕದ ಹಾಳೆ ಕಿತ್ತು ಫ್ರೇಮ್ ಹಾಕಿದ್ದರು, ತುಂಬಾ ಬೇಜಾರಾಯಿತು. ನಿಜವಾದ ಎಚಿಂಗ್ ಗೆರೆಯಲ್ಲಿ ಮಸಿ ಕಾಗದದಿಂದ ಸ್ವಲ್ಪ ಎದ್ದು ನಿಂತಿರುತ್ತದೆ, ಪಕ್ಕದಿಂದ ಬೆಳಕು ಬಿಟ್ಟರೆ ಸಣ್ಣ ನೆರಳು ಬೀಳುತ್ತದೆ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಇರಬೇಕು, ಆದರೆ ಅದನ್ನು ನಕಲಿಯಲ್ಲೂ ಒತ್ತಿಬಿಡಬಹುದು, ಅದೊಂದನ್ನೇ ನಂಬಬೇಡಿ. ಚುಕ್ಕೆ ಕಂಡ ತಕ್ಷಣ ಹೆದರಲೂ ಬೇಡಿ. ಸರಣಿಯ ಕೆಲವು ಚಿತ್ರಗಳಲ್ಲಿ ಅಕ್ವಾಟಿಂಟ್ (ಗೆರೆಯ ಬದಲು ಸಣ್ಣ ಚುಕ್ಕೆಗಳಿಂದ ಛಾಯೆ ತರುವ ವಿಧಾನ) ಇದೆ, ಅದರಲ್ಲಿ ಚುಕ್ಕೆಗಳು ರವೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಸಾಲಾಗಿ, ಒಂದೇ ಅಂತರದಲ್ಲಿ ಇದ್ದರೆ ಮಾತ್ರ ಅನುಮಾನ ಪಡಿ.

ಹಾಳೆ ಹೇಗಿದೆ ಅಂತಲೂ ಗಮನಿಸಿ. ಮೌಂಟ್ (ಫ್ರೇಮಿನೊಳಗೆ ಚಿತ್ರದ ಸುತ್ತ ಇಡುವ ರಟ್ಟು) ಕೂತ ಜಾಗದ ಕಂದು ಪಟ್ಟಿ, ಹಿಂದೆ ಟೇಪಿನ ಕಲೆ, ಹಲಗೆಗೆ ಅಂಟಿಸಿದ್ದು, ಎಲ್ಲಾ ಬೆಲೆ ಇಳಿಸುತ್ತವೆ.

ಮಾರುವವರ ಹತ್ತಿರ ಬ್ಲೋಕ್ ಕ್ಯಾಟಲಾಗಿನ (ಪಿಕಾಸೊನ ಮುದ್ರಿತ ಚಿತ್ರಗಳಿಗೆ ನಂಬರ್ ಕೊಟ್ಟು ಮಾಡಿದ ಪಟ್ಟಿ) ನಂಬರ್ ಕೇಳಿ. ಈ ಸರಣಿ 134ರಿಂದ 233ರವರೆಗೆ ಇದೆ, ಬೇರೆ ನಂಬರ್ ಹೇಳಿದರೆ ಅದು ಈ ಸರಣಿಯದ್ದಲ್ಲ. ಹಿಂದೆ ಯಾರ ಹತ್ತಿರ ಇತ್ತು, ಹಳೇ ರಸೀದಿ ಇದೆಯಾ, ಅದನ್ನೂ ಕೇಳಿ. ಬೆಳಕಿಗೆ ಹಿಡಿದ ಫೋಟೊ ಮತ್ತು ಹಿಂಬದಿಯ ಫೋಟೊ ಸಿಕ್ಕರೆ ಇಲ್ಲೇ ಹಾಕಿ, ಖಂಡಿತ ನೋಡಿ ಹೇಳುತ್ತೇನೆ.