ವರ್ಣಭೇದದ ಬಗ್ಗೆ ಓದಿದರೆ ನಿಜವಾಗಿ ಯೋಚನೆ ಬದಲಾಗುತ್ತಾ, ಇಲ್ಲ ಬರೀ ಪರೀಕ್ಷೆಗಾ?

ಸಮಾಜಶಾಸ್ತ್ರ ಎಂಎ ಸೇರುವ ಮುಂಚೆ ನೀವು ಇದನ್ನು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲೇ ಅದನ್ನು ಓದಿದವನು. ನನಗಂತೂ ಬದಲಾಯಿತು, ಆದರೆ ನಾನು ಅಂದುಕೊಂಡಿದ್ದ ಕಡೆ ಅಲ್ಲ.

ಸೇರುವಾಗ ವರ್ಣಭೇದ ಅಂದರೆ ಅಮೆರಿಕ, ದಕ್ಷಿಣ ಆಫ್ರಿಕಾ ಅಂತಲೇ ತಲೆಯಲ್ಲಿತ್ತು. ಗಾಂಧಿಯನ್ನು ರೈಲಿನಿಂದ ಇಳಿಸಿದ ಕಥೆ ಕೇಳಿ ಬೆಳೆದವರಿಗೆ, ನಾವು ಪೆಟ್ಟು ತಿಂದ ಕಡೆಯವರು ಅನ್ನುವುದು ಗಟ್ಟಿಯಾಗಿ ಕೂತಿರುತ್ತದೆ.

ಮೊದಲು ಅಲುಗಾಡಿಸಿದ್ದು ಮೂಗು. ಭಾರತದ 1901ರ ಜನಗಣತಿಯ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ, ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ, ಅಂಕಿ ಕಡಿಮೆಯಾದಷ್ಟೂ ಜಾತಿ ಮೇಲು ಎಂದು ವಾದಿಸಿದ. 70ರ ಒಳಗಿದ್ದರೆ ಕಿರಿದಾದ ಮೂಗು, 85 ದಾಟಿದರೆ ಅಗಲದ್ದು. ನಮ್ಮ ಮೇಷ್ಟ್ರು ಎಲ್ಲಿಂದಲೋ ವರ್ನಿಯರ್ ಕ್ಯಾಲಿಪರ್ಸ್ ತಂದು 'ಅಳೀರಿ ನೋಡೋಣ' ಅಂದರು. ಒಬ್ಬನದೇ ಮೂಗು, ಮೂವರು ಅಳೆದರೆ 74, 79, 83. ಬಿದ್ದು ಬಿದ್ದು ನಕ್ಕೆವು. ಆಮೇಲೆ ನನ್ನ ಅಂಕಿ ಪಕ್ಕದವನಿಗಿಂತ ಕಡಿಮೆ ಬಂತು. ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದು ಗೊತ್ತಾದ ಮೇಲೆ ನಗು ಬರಲಿಲ್ಲ.

(ಇಂಥದೇ ಮೂಗಿನ ಅಳತೆಗಳನ್ನು ಹಿಡಿದುಕೊಂಡು ಅಂಬೇಡ್ಕರ್ 1948ರಲ್ಲಿ, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗ ಅನ್ನುವ ವಾದವನ್ನೇ ತಳ್ಳಿಹಾಕಿದರು. ನಮ್ಮ ಭಾಷೆಯ ಗೋಜಲೂ ನೋಡಿ: 'ಜನಾಂಗ' ಅಂದರೆ ರೇಸೂ ಹೌದು, ಜಾತಿಯೂ ಹೌದು. ಹೆಣ್ಣು ನೋಡಿ ಬಂದವರು 'ಬಣ್ಣ ಸ್ವಲ್ಪ ಕಮ್ಮಿ' ಅನ್ನುತ್ತಾರೆ, ತಕ್ಕಡಿಯಲ್ಲಿ ತೂಗಿ ಬಂದ ಹಾಗೆ.)

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಭಗತ್ ಸಿಂಗ್ ಥಿಂಡ್ ಮೊಕದ್ದಮೆ. ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಅಲ್ಲಿಗೆ ವಲಸೆ ಹೋದವರು ಪೌರತ್ವ ಪಡೆಯಲು ಒಂದೋ ಬಿಳಿಯರಾಗಿರಬೇಕಿತ್ತು, ಇಲ್ಲ ಆಫ್ರಿಕನ್ ಮೂಲದವರಾಗಿರಬೇಕಿತ್ತು. ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯ ಅಂತ ಅವರು ವಾದ ಹೂಡಿದರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಜನಸಾಮಾನ್ಯರು ನಿನ್ನನ್ನು ಬಿಳಿಯ ಅನ್ನುವುದಿಲ್ಲ, ಹಾಗಾಗಿ ನೀನು ಪೌರತ್ವಕ್ಕೆ ಅರ್ಹನಲ್ಲ ಅಂದಿತು. ಇಲ್ಲಿಯವರೆಗೂ ನಾನು ಥಿಂಡ್ ಪರ. ಅವರ ವಕೀಲರು ಸಲ್ಲಿಸಿದ ವಾದದಲ್ಲಿ ಇನ್ನೊಂದು ಮಾತಿತ್ತು: ಮದುವೆಯ ವಿಷಯದಲ್ಲಿ ಅಮೆರಿಕನ್ನರು ನೀಗ್ರೋಗಳನ್ನು ನೋಡುವ ಹಾಗೆಯೇ ಮೇಲ್ಜಾತಿಯ ಹಿಂದೂಗಳು ಭಾರತದ ಮಂಗೋಲಾಯ್ಡ್ (ಪೂರ್ವ ಏಷ್ಯಾದವರ ಚಹರೆಯವರಿಗೆ ಆಗ ಇಟ್ಟಿದ್ದ ಹೆಸರು) ಮೂಲನಿವಾಸಿಗಳನ್ನು ನೋಡುತ್ತಾರೆ ಅಂತ. ಬೇರೆಯವರಿಗೆ ಮಾಡುವ ಅವಮಾನವನ್ನೇ ಅರ್ಹತಾಪತ್ರ ಮಾಡಿಕೊಂಡಿದ್ದರು.

ಅದನ್ನು ಓದಿದ ರಾತ್ರಿ ನೆನಪಾದದ್ದು ನಮ್ಮ ಮನೆಯ ಫೋನು. ನಾಗರಬಾವಿಯಲ್ಲಿ ನಮ್ಮದು ಮಹಡಿ ಮನೆ, ಮೇಲಿನದು ಬಾಡಿಗೆಗೆ. ಬೋರ್ಡಿನಲ್ಲಿ ನನ್ನ ನಂಬರ್. ಒಂದು ಸಂಜೆ ಹುಡುಗಿಯೊಬ್ಬಳು ಮಾಡಿದಳು, ಮಣಿಪುರದವಳು, ನರ್ಸಿಂಗ್ ಓದುತ್ತಿದ್ದೇನೆ ಅಂದಳು. ಅಮ್ಮ ಅಡುಗೆಮನೆಯಿಂದಲೇ ಕೈ ಆಡಿಸಿದರು. ನಾನು ಮೆತ್ತಗೆ, 'ಸಾರಿ, ಮನೆ ಹೋಯ್ತು' ಅಂದೆ. 'ಓಕೆ ಅಣ್ಣ' ಅಂದಳು, ಕನ್ನಡದಲ್ಲೇ. ಅಮ್ಮ ಕೊಟ್ಟ ಕಾರಣ ಅವರ ಅಡುಗೆಯ ವಾಸನೆ. ನಾವು ಮಂಡ್ಯ ಕಡೆಯವರು, ನಮ್ಮನೇಲಿ ಒಣಮೀನು ಹುರಿದರೆ ಬೀದಿ ಕೊನೆಗೆ ಗೊತ್ತಾಗುತ್ತದೆ.

ದ್ವೇಷ ಇದ್ದರೆ ಮಾತ್ರ ವರ್ಣಭೇದ ಅಂದುಕೊಂಡಿದ್ದೆ. ಆ ಹುಡುಗಿಯ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. 2012ರ ಆಗಸ್ಟಿನಲ್ಲಿ, ದಾಳಿಯಾಗುತ್ತದೆ ಅನ್ನುವ ವದಂತಿಗೆ ಹೆದರಿ ಈಶಾನ್ಯದವರು ಬೆಂಗಳೂರಿನಿಂದ ಸಾವಿರಗಟ್ಟಲೆ ಗುವಾಹಟಿ ರೈಲು ಹತ್ತಿದ್ದನ್ನು ಟಿವಿಯಲ್ಲಿ ನೋಡಿ, 'ಒಂದು ಎಸ್ಸೆಮ್ಮೆಸ್ ನಂಬಿ ಊರು ಬಿಡ್ತಾರಾ?' ಅಂದಿದ್ದೆ. ನನ್ನಂಥವರ ಎಷ್ಟು 'ಮನೆ ಹೋಯ್ತು' ಕೇಳಿದ ಮೇಲೆ ಆ ಎಸ್ಸೆಮ್ಮೆಸ್ ಬಂದಿತ್ತೋ ಅಂತ ಆಗ ಹೊಳೆಯಲಿಲ್ಲ.

ಓದಿದ್ದರಿಂದ ಮನೆಯಲ್ಲಿ ಏನಾದರೂ ಬದಲಾಯಿತಾ ಅಂದರೆ, ಅಮ್ಮನ ಜೊತೆ ಎರಡು ಸಲ ಜಗಳವಾಯಿತು. ಈಗ ಮೇಲೆ ದಾವಣಗೆರೆಯ ಸಂಸಾರ ಇದೆ. 'ಮೊದಲು ಬಂದವರು ಅವರೇ' ಅನ್ನುತ್ತಾರೆ ಅಮ್ಮ. ಬೋರ್ಡಿನಲ್ಲಿ ಈ ಸಲ ಅಮ್ಮನ ನಂಬರ್ ಇತ್ತು. ಬೇರೆ ಯಾರು ಫೋನ್ ಮಾಡಿದ್ದರು ಅಂತ ನಾನೂ ಕೇಳಲಿಲ್ಲ.