ಹಾಕಿ ಲೈವ್‌ನಲ್ಲಿ ಕಟ್ ಮಾಡಿದಾಗ ಆಟ ಉಲ್ಟಾ ಕಾಣುತ್ತಿದ್ದರೆ

ನಿಮ್ಮ ಮೂರು ಕ್ಯಾಮೆರಾಗಳಲ್ಲಿ ಎರಡು ಮೈದಾನದ ಒಂದು ಬದಿಗೆ, ಮೂರನೆಯದು ಎದುರಿನ ಗ್ಯಾಲರಿಯಲ್ಲಿ ಇರುವುದೇ ಕಾರಣ ಇರಬೇಕು. ಕೊಡಗಿನ ನಾಪೋಕ್ಲು ಮೈದಾನದಲ್ಲಿ ನಿಮ್ಮ ವಿದ್ಯಾರ್ಥಿಗಳು ಮಾಡಿದ ಲೈವ್‌ನಲ್ಲಿ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಕಟ್ ಮಾಡಿದಾಗಲೆಲ್ಲ ತಂಡ ಹಿಂದಕ್ಕೆ ಓಡಿದ ಹಾಗೆ ಕಾಣುತ್ತದೆ, ಸ್ವಿಚರ್ (ಯಾವ ಕ್ಯಾಮೆರಾದ ಚಿತ್ರ ಲೈವ್ ಹೋಗಬೇಕೆಂದು ಆರಿಸುವ ಯಂತ್ರ) ಮುಂದೆ ಕೂತವರು ಗಾಬರಿಯಾಗುತ್ತಾರೆ ಎಂದಿದ್ದೀರಿ. ಎಡದಿಂದ ಬಲಕ್ಕೆ ಹೋಗುವ ಚೆಂಡು ಎದುರು ಬದಿಯಿಂದ ನೋಡಿದರೆ ಬಲದಿಂದ ಎಡಕ್ಕೆ ಹೋಗುತ್ತದೆ, ಅಲ್ವಾ?

ಮೊದಲು ಮೂರನ್ನೂ ಒಂದೇ ಬದಿಗೆ ತನ್ನಿ, ಬಿಸಿಲು ಬೆನ್ನಿಗೆ ಬೀಳುವ ಬದಿಯಾದರೆ ಒಳ್ಳೆಯದು. ಆಮೇಲೆ ಕೆಲಸ ಹಂಚಿ. ಒಂದನೆಯದು ಮಧ್ಯಗೆರೆಯ ನೇರಕ್ಕೆ, ಎತ್ತರದಲ್ಲಿ, ಯಾವಾಗಲೂ ವೈಡ್, ಅಂದರೆ ಮೈದಾನ ಅಗಲವಾಗಿ ಕಾಣುವ ಶಾಟ್. ಎರಡನೆಯದು ಚೆಂಡು ಇರುವ ಆಟಗಾರನ ಮೇಲೆ. ಮೂರನೆಯದು ಕೋಚ್, ಬೆಂಚು, ಜನ. ಮೂವರೂ ಚೆಂಡಿನ ಹಿಂದೆಯೇ ಬಿದ್ದರೆ ಕಟ್ ಮಾಡುವವರಿಗೆ ಆಯ್ಕೆಯೇ ಇರುವುದಿಲ್ಲ.

ಗಾಬರಿಗೆ ಟಾಕ್‌ಬ್ಯಾಕ್‌ನಲ್ಲಿ (ಡೈರೆಕ್ಟರ್, ಕ್ಯಾಮೆರಾದವರು ಮಾತಾಡಿಕೊಳ್ಳುವ ಹೆಡ್‌ಸೆಟ್ ಲೈನ್) ಎಲ್ಲರೂ ಮಾತಾಡುವುದು ಕಾರಣ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಡೈರೆಕ್ಟರ್ ಒಬ್ಬರೇ ಮಾತಾಡಲಿ: ‘ಎರಡು ರೆಡಿ’, ಒಂದು ಉಸಿರು ಬಿಟ್ಟು ‘ಎರಡು ಟೇಕ್’ ಎಂದಾಗ ಎರಡನೇ ಕ್ಯಾಮೆರಾಗೆ ಕಟ್. ‘ರೆಡಿ’ ಕೇಳಿದ ಕೂಡಲೇ ಆ ಕ್ಯಾಮೆರಾದವರು ಫ್ರೇಮ್ ಗಟ್ಟಿ ಹಿಡಿಯಬೇಕು. ತಮ್ಮ ಕ್ಯಾಮೆರಾ ಲೈವ್ ಇದೆ ಎಂದು ತೋರಿಸುವ ಕೆಂಪು ಟ್ಯಾಲಿ ದೀಪ ಆರುವ ತನಕ ಹೊಸ ಶಾಟ್ ಹುಡುಕಬಾರದು. ಆಟ ಗೋಲಿನ ಹತ್ತಿರ ಬಂದಾಗ ಕ್ಲೋಸ್‌ಗೆ ಹೋಗುವ ಆಸೆ ಜಾಸ್ತಿ, ಅದನ್ನು ತಡೆಯಲು ಕಲಿಸಿ. ಗೋಲು ವೈಡ್‌ನಲ್ಲೇ ಬೀಳಲಿ, ಕುಣಿತ ಕ್ಲೋಸ್‌ನಲ್ಲಿ ಬರಲಿ.

ಮುಂದಿನ ಲೈವ್‌ಗೆ ಮೊದಲು ಒಂದು ಅಭ್ಯಾಸ ಪಂದ್ಯ ಸುಮ್ನೆ ರೆಕಾರ್ಡ್ ಮಾಡಿ. 15 ನಿಮಿಷದ ಪ್ರತಿ ಕ್ವಾರ್ಟರ್ ಮುಗಿದಾಗ ಜಾಗ ಬದಲಿಸಿ, ಪ್ರತಿಯೊಬ್ಬರೂ ಒಮ್ಮೆ ಸ್ವಿಚರ್ ಮುಂದೆ ಕೂರಲಿ. ಏಪ್ರಿಲ್‌ನಲ್ಲಾದರೆ ಮಳೆ ಹೇಳದೆ ಬರುತ್ತದೆ, ಕ್ಯಾಮೆರಾಗಳಿಗೆ ಪ್ಲಾಸ್ಟಿಕ್ ಹೊದಿಕೆ ಜೊತೆಗಿರಲಿ.